ಅರಿಶಿನ ಹಚ್ಚಿದ ಮುಷ್ಟಿ ಜೋಳ

ಮೊಮ್ಮಗಳ ಶಾಲೆಯಿಂದ ನಿನ್ನೆ ಒಂದು ಚೀಟಿ ಬಂದಿದೆ. ಪುಸ್ತಕಗಳಿಗೆ ಕಪಾಟು ಮಾಡಿಸಬೇಕಂತೆ, ಮನೆಗೊಂದು ಗಂಟು ಹಳೆಯ ಪೇಪರು ಕೊಡಬೇಕಂತೆ, ರದ್ದಿಗೆ ಮಾರುತ್ತಾರಂತೆ. ಚೀಟಿಯನ್ನು ಎರಡು ಸಲ ಓದಿದೆ. ತೂಗುವವರು ಯಾರು? ಬಂದ ದುಡ್ಡಿನಲ್ಲಿ ಶಾಲೆಗೆ ಕಪಾಟು ಬರುತ್ತದೋ, ಯಾರದೋ ಮನೆಗೆ ಕುರ್ಚಿ ಬರುತ್ತದೋ? ಹೀಗೆಲ್ಲ ಯೋಚಿಸುತ್ತ, ಮಳೆಗೆ ನೆನೆದು ಮುಗ್ಗಿದ ಪೇಪರುಗಳನ್ನೇ ಹುಡುಕಿ ಹುಡುಕಿ ಗಂಟು ಕಟ್ಟತೊಡಗಿದೆ. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೈ ನಿಂತಿತು. ಇದು ನಮ್ಮವ್ವನ ಮುಷ್ಟಿಗಡಿಗೆಯ ವಾಸನೆ.

ಮುಷ್ಟಿಗಡಿಗೆ ಏನೆಂದು ಹೇಳುತ್ತೇನೆ. ಐವತ್ತರ ದಶಕದ ಕೊನೆ ಇರಬೇಕು. ಚಿಕ್ಕೇರೂರಿನ ಹತ್ತಿರದ ನಮ್ಮ ಹಳ್ಳಿಯ ಶಾಲೆ ನಾಲ್ಕನೇ ಇಯತ್ತೆಗೇ ಮುಗಿಯುತ್ತಿತ್ತು. ಊರವರು ಇನ್ನೊಂದು ಕೋಣೆ ಕಟ್ಟಿಸಿಕೊಟ್ಟರೆ ಐದನೆಯದನ್ನು ಕೊಡುತ್ತೇವೆ ಎಂದು ಮೇಲಿನವರು ಹೇಳಿದ್ದರು. ದುಡ್ಡು ಕೇಳಿದರೆ ಯಾರೂ ಬಾಗಿಲು ತೆರೆಯುವುದಿಲ್ಲ ಎಂಬುದು ಮಾಸ್ತರರಿಗೆ ಗೊತ್ತಿತ್ತು. ಅದಕ್ಕೇ ಒಂದು ಉಪಾಯ ಹೂಡಿದರು. ಪ್ರತಿ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ಮುಷ್ಟಿ ಜೋಳವನ್ನು ಗಡಿಗೆಗೆ ಹಾಕುವುದು, ಶನಿವಾರ ಮಕ್ಕಳು ಅದನ್ನು ತಂದು ಶಾಲೆಯ ಚೀಲಕ್ಕೆ ಸುರಿಯುವುದು, ತಿಂಗಳಿಗೊಮ್ಮೆ ಸವಾಲು ಕೂಗಿ ಹರಾಜಿನಲ್ಲಿ ಮಾರುವುದು. ನಾನು ಆಗ ನಾಲ್ಕನೆಯದರಲ್ಲಿದ್ದೆ. ಮುಂದಿನ ಇಯತ್ತೆಗಳಿದ್ದದ್ದು ಹಂಸಭಾವಿಯಲ್ಲಿ. ಕೋಣೆ ಏಳದಿದ್ದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು. "ಹಂಸಭಾವಿಗೆ ಹೆಣ್ಣುಡುಗಿ ನಡಕೊಂಡು ಹೋಗೂದು ಬ್ಯಾಡ" ಎಂದು ಅವ್ವ ಮೊದಲೇ ಹೇಳಿಬಿಟ್ಟಿದ್ದಳು.

ಅವ್ವನಿಗೆ ನಂಬಿಕೆ ಹುಟ್ಟಿನಿಂದಲೇ ಕಡಿಮೆ. ಹಾಲು ಕೊಂಡರೆ ಬೆರಳದ್ದಿ ನೋಡುವಳು. ನಾನು ಹೊಟ್ಟೆನೋವು ಅಂದರೆ ಮೊದಲು ಮುಖ ನೋಡುವಳು. "ಊರ ಜೋಳಾ ಮಾಸ್ತರ ಅಡಗಿಮನಿ ಸೇರತೈತಿ, ನೋಡ್ತಿರು" ಎಂದು ಮೊದಲ ದಿನವೇ ತೀರ್ಪು ಕೊಟ್ಟಳು. ಹಾಗಾಗಿ ನಮ್ಮ ಗಡಿಗೆಗೆ ಬಿದ್ದದ್ದು ಹಗೇವಿನ ಗೋಡೆಗೆ ಅಂಟಿದ ಜೋಳ. ನೆಲದೊಳಗಿನ ಆ ಕಣಜದಲ್ಲಿ ಗೋಡೆಯ ಮಗ್ಗುಲಿನ ಕಾಳು ಪ್ರತಿ ವರ್ಷ ಮುಗ್ಗುತ್ತಿತ್ತು, ಅದನ್ನು ದನಕ್ಕೆ ಹಾಕುತ್ತಿದ್ದೆವು. ಅವ್ವ ಅಷ್ಟಕ್ಕೇ ಬಿಡಲಿಲ್ಲ. ಒಂದು ಮುಷ್ಟಿ ಜೋಳಕ್ಕೆ ಅರಿಶಿನ ತಿಕ್ಕಿ, ಒಣಗಿಸಿ, ಗುರುತಿಗೆಂದು ಅದರಲ್ಲಿ ಬೆರೆಸಿದಳು.

ಸವಾಲು ಮುಗಿದ ಮರುವಾರ ಹೆಪ್ಪು ಕೇಳುವ ನೆವ ಮಾಡಿಕೊಂಡು, ನನ್ನ ಕೈಗೆ ಬಟ್ಟಲು ಕೊಟ್ಟು, ಮಾಸ್ತರರ ಮನೆಗೆ ಹೊರಟಳು. ಒಲೆಯ ಪಕ್ಕ ಮೊರದಲ್ಲಿ ಜೋಳ ಹರವಿತ್ತು. ನಡುನಡುವೆ ಹಳದಿ ಕಾಳು! ಅವ್ವ ನನ್ನ ತೋಳು ಚಿವುಟಿದಳು. ನನಗೆ ಅಳುವೇ ಬಂತು. ಇನ್ನು ಸುದ್ದಿ ಮನೆಮನೆಗೆ ಹೋಗುತ್ತದೆ, ಗಡಿಗೆಗಳು ಬರಿದಾಗುತ್ತವೆ, ನನ್ನ ಐದನೆಯದು ಮುಗಿದಂತೆಯೇ.

"ಈ ಜೋಳಾ ಯಾವ ಹೊಲದ್ದು ತಂಗಿ?" ಎಂದಳು ಅವ್ವ, ಬಲು ಮೆತ್ತಗೆ.

"ಊರಾಗಿನ ಎಲ್ಲಾರ ಹೊಲದ್ದೂರಿ ಅಕ್ಕಾರ" ಎಂದು ಮಾಸ್ತರರ ಹೆಂಡತಿ ನಕ್ಕರು. "ಸವಾಲಿನಾಗ ಯಾರೂ ಕೂಗಲಿಲ್ಲಂತರಿ. ಹಿಂಗ ಬಿಟ್ರ ಕ್ವಾಣಿ ಏಳೂದಿಲ್ಲಂತ ನಮ್ಮನಿಯವರ ಪ್ಯಾಟಿ ದರಕ್ಕ ತಗೊಂಡ್ರು. ಆದ್ರ ಒಂದೂ ರೊಟ್ಟಿ ದುಂಡಗ ಬರವಲ್ದು ನೋಡ್ರಿ. ನನ್ನ ಕೈಯ ಕೆಟ್ಟೈತೇನೋ."

ಅವ್ವ ನಂಬಲಿಲ್ಲ. "ಸರಿ ಅತ್ತಾಗ" ಎಂದು ತಾನೇ ಹಿಟ್ಟಿನ ಮುಂದೆ ಕುಳಿತಳು. ರೊಟ್ಟಿ ಬಡಿಯುವುದರಲ್ಲಿ ಊರಿಗೆಲ್ಲ ಅವಳ ಕೈ ಮೇಲು. ಬಡಿದಳು, ಅಂಚು ಸೀಳಿತು. ಮತ್ತೆ ನಾದಿ ಬಡಿದಳು, ನಡುವೆ ಹರಿಯಿತು. ಮೂರನೆಯದು ಎತ್ತುವಾಗ ಕೈಯಲ್ಲೇ ಮುರಿದುಬಿತ್ತು. ಅವ್ವ ಹಿಟ್ಟನ್ನು ಮೂಸಿ ನೋಡಿದಳು. ನಮ್ಮ ಗಡಿಗೆಯದೇ ವಾಸನೆ.

"ನಿನ್ನ ಕೈ ಛಲೋ ಐತಿ ತಂಗಿ" ಎಂದು ಎದ್ದಳು. ಹೆಪ್ಪು ಮರೆತೇಹೋಗಿತ್ತು.

ಮನೆಗೆ ಬಂದವಳೇ ಅಪ್ಪನನ್ನು ಹಿಡಿದಳು. "ಸವಾಲಿಗೆ ಹೋಗಿದ್ರಲ್ಲ, ಯಾರೂ ಕೂಗಲಿಲ್ಲಂತ, ಖರೇನ?"

"ಖರೇ. ಆ ಜೋಳಾ ಯಾರ ತಿಂತಾರ?"

ಅವತ್ತೇ ಒಂದು ಚೀಲ ಹೊಸ ಜೋಳ ಮಾಸ್ತರರ ಮನೆಗೆ ಹೋಯಿತು, ಅವರ ಮನೆಯಲ್ಲಿ ಉಳಿದಿದ್ದ ಮುಗ್ಗಿದ ಜೋಳ ನಮ್ಮ ಮನೆಗೆ ಬಂತು. ಮುಂದೆ ಎಷ್ಟೋ ದಿನ ನಮಗೆ ಹರಕು ರೊಟ್ಟಿ. "ಯಾಕ ಹಿಂಗ ಹರೀತಾವು?" ಎಂದ ಅಪ್ಪನ ತಟ್ಟೆಗೆ ಅವ್ವ ಇನ್ನೊಂದು ತುಂಡು ಹಾಕಿದಳು. "ನಿಮ್ಮ ಹಗೇವಿಂದ. ಉಣ್ರಿ."

ಅವ್ವ ಮನೆಮನೆಗೂ ಹೋದಳು. ಮಾಸ್ತರರ ಮೇಲಿದ್ದ ಅನುಮಾನವನ್ನು ಈಗ ಊರಿನ ಮೇಲೆ ತಿರುಗಿಸಿದ್ದಳು. "ಎಲ್ಲಿ, ನಿಮ್ಮ ಗಡಿಗಿ ತೋರಸ್ರಿ" ಎಂದು ಕೈ ಹಾಕಿ, ತಳದ ಕಾಳು ಎತ್ತಿ ಮೂಸುವಳು. ಮುಂದಿನ ಸವಾಲಿನಲ್ಲಿ ಕೂಗಲು ಜನ ಬಂದರು. ಬೇಸಿಗೆ ಕಳೆಯುವುದರೊಳಗೆ ಕೋಣೆಗೆ ಹೆಂಚು ಬಿತ್ತು. ನಾನು ಐದನೆಯದಕ್ಕೆ ಕುಳಿತೆ. ಇದನ್ನು ಬರೆಯಲು ಬಂದದ್ದೇ ಅದರಿಂದ.

ಗಂಟು ಬಿಚ್ಚಿದೆ. ಒಣ ಪೇಪರುಗಳನ್ನೇ ಆರಿಸಿ ಮತ್ತೆ ಕಟ್ಟಿದೆ. ಕಪಾಟು ಬಂದ ಮೇಲೆ ಒಮ್ಮೆ ಹೋಗಿ ನೋಡಿ ಬರುತ್ತೇನೆ, ಆ ಚಟ ಬಿಡುವುದಿಲ್ಲ. ಮುಗ್ಗಿದವನ್ನು ನೀರೊಲೆಗೆ ತುರುಕಿದೆ. ಉರಿಯುವ ಬದಲು ಹೊಗೆಯೆದ್ದು ಕಣ್ಣೆಲ್ಲ ನೀರು.

"ಅಜ್ಜಿ, ಒಣಾವು ಸಾಲಿಗೆ ಕೊಟ್ಟು, ಹಸೀವು ಯಾಕ ನೀ ಸುಡಾಕತ್ತಿ?" ಎಂದಳು ಮೊಮ್ಮಗಳು.

"ನಮ್ಮವ ಅದಾವವ್ವ" ಎಂದೆ. "ಹೊಗಿ ನಾವ ಕುಡೀಬೇಕು."