ಹಾಸಿಗೆಯ ಮೇಲಿದ್ದೂ ಇರದ ಹತ್ತಿಯಣ್ಣ

ನಮ್ಮ ಬೀದಿಯ ಹಾಸಿಗೆ ಹೊಲಿಯುವವನಿಗೆ ಎಲ್ಲರೂ ಇಟ್ಟ ಹೆಸರು ಹತ್ತಿಯಣ್ಣ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲದರಲ್ಲೂ ಹತ್ತಿ ಅಂಟಿರುವುದರಿಂದ ಅವನ ಕೂದಲು ನಿಜಕ್ಕೂ ಬೆಳ್ಳಗಾದದ್ದು ಯಾವಾಗ ಎಂದು ಯಾರಿಗೂ ಗೊತ್ತಾಗಲಿಲ್ಲ. ಮೂವತ್ತು ವರ್ಷಗಳಿಂದ ಅವನದೊಂದು ನೇಮ. ಹೊಲಿದು ಮುಗಿಸಿದ ಹಾಸಿಗೆಯ ಮೇಲೆ ಮಧ್ಯಾಹ್ನ ಊಟದ ನಂತರ ತಾನೇ ಅರ್ಧ ಗಂಟೆ ನಿದ್ದೆ ಮಾಡಬೇಕು. ಗಂಟು, ತಗ್ಗು ಇಲ್ಲವೆಂದು ಬೆನ್ನಿಗೆ ಖಾತ್ರಿಯಾದರೆ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯಬೇಕು. ಗೀಟಿಲ್ಲದ ಹಾಸಿಗೆ ಅಂಗಡಿಯ ಹೊಸ್ತಿಲು ದಾಟುವುದಿಲ್ಲ. ಕೆಲಸದ ಹೊತ್ತಿನಲ್ಲಿ ಮಲಗುವುದೇ ಕೆಲಸವಾದ ಈ ಮನುಷ್ಯನನ್ನು ಕಂಡರೆ ನಮಗೆಲ್ಲ ಹೊಟ್ಟೆಕಿಚ್ಚು.

ತೊಂದರೆ ಶುರುವಾದದ್ದು ನಿವೃತ್ತ ಹೆಡ್‌ಮಿಸ್ ಅವರ ಹಾಸಿಗೆಯಿಂದ. ಶಾಲೆ ಬಿಟ್ಟಾಗಿನಿಂದ ಆಕೆಗೆ ನಿದ್ದೆಯಿಲ್ಲ. ಮಾತ್ರೆ, ಬಿಸಿ ಹಾಲು, ಅಂಗಾಲಿಗೆ ಎಣ್ಣೆ ಎಲ್ಲ ಮುಗಿದು, "ನಿಮ್ಮ ಗೀಟು ನಂಬಿ ಬಂದಿದ್ದೀನಿ" ಎಂದಿದ್ದರು. ಹತ್ತಿಯಣ್ಣ ಹತ್ತಿಯನ್ನು ಎರಡೆರಡು ಸಲ ಹಿಂಜಿ, ಜೀವಮಾನದಲ್ಲೇ ಮೆತ್ತಗಿನ ಹಾಸಿಗೆ ಹೊಲಿದ. ಕಿಟಕಿ ಮುಚ್ಚಿ, ಅದರ ಮೇಲೆ ಅಂಗಾತ ಮಲಗಿ ಕೈಕಾಲು ಸಡಿಲ ಬಿಟ್ಟ. ಸ್ವಲ್ಪ ಹೊತ್ತಿಗೆ ನೋಡುತ್ತಾನೆ, ತಾನು ಫ್ಯಾನಿನ ಪಕ್ಕದಲ್ಲಿದ್ದಾನೆ. ಕೆಳಗೆ ಯಾರೋ ಬಾಯಿ ತೆರೆದು ಬಿದ್ದಿದ್ದಾರೆ, ಹೊಟ್ಟೆ ಅಂಗಿಯ ಗುಂಡಿಗಳ ಜೊತೆ ಜಗಳಕ್ಕೆ ನಿಂತಿದೆ. ಪಾಪ, ಯಾರೋ ಎಂದುಕೊಂಡವನಿಗೆ ಅಂಗಿಯ ಗುರುತು ಸಿಕ್ಕಿತು.

ಮೈಮರೆತು ಮಲಗುವವರನ್ನು ಕಂಡಿದ್ದೇವೆ. ಇವನು ಮೈಯನ್ನೇ ಮರೆತು ಬಂದಿದ್ದ.

"ನೀವು ಮೇಲಿದ್ರಿ ಅಂದ್ರೆ ಕೆಳಗೆ ಗೊರಕೆ ಹೊಡೀತಿದ್ದೋರು ಯಾರು?" ಅವನು ಎದ್ದು ಕಂಡದ್ದನ್ನು ಹೇಳಿದಾಗ, ಅಂಗಡಿಯಲ್ಲೇ ದಿಂಬಿನ ಚೀಲ ಹೊಲಿಯುತ್ತಿದ್ದ ಹೆಂಡತಿ ಮಷೀನು ನಿಲ್ಲಿಸದೆಯೇ ಕೇಳಿದಳು.

"ತಮಾಷೆ ಅಲ್ಲ ಕಣೇ. ನಾನೇ ಹಾಸಿಗೆ ಮೇಲೆ ಇಲ್ಲ ಅಂದ್ಮೇಲೆ ಅದು ಚೆನ್ನಾಗಿದೆ ಅಂತ ಯಾವ ಬಾಯಲ್ಲಿ ಹೇಳಲಿ?"

"ಬಾಯಿ ಕೆಳಗೇ ಇತ್ತಲ್ಲ."

ಮರುದಿನ ಮಗ್ಗುಲಾಗಿ ಮಲಗಿದ. ತೇಲಲಿಲ್ಲ, ನಿದ್ದೆಯೂ ಬರಲಿಲ್ಲ. ಅದರ ಮರುದಿನ ಕಿಟಕಿ ತೆರೆದು, ಬೀದಿಯ ಗಲಾಟೆ ಒಳಗೆ ಬಿಟ್ಟುಕೊಂಡು, ದಿಂಬು ತೆಗೆದು ಮಲಗಿದ; ಕುತ್ತಿಗೆ ಹಿಡಿಯಿತು. ಊಟ ಬಿಟ್ಟು ಮಲಗಿದರೆ ಹೊಟ್ಟೆಯೇ ಎಬ್ಬಿಸಿತು. ಕಿಟಕಿ ಮುಚ್ಚಿ, ಅಂಗಾತ ಮಲಗಿ ಮೈ ಸಡಿಲಿಸಿದ್ದೇ ತಡ, ಮತ್ತೆ ಫ್ಯಾನಿನ ಪಕ್ಕ. ಹೆಂಡತಿ ಅವನ ಕಾಲ್ಬೆರಳಿಗೆ ದಾರ ಕಟ್ಟಿ ಇನ್ನೊಂದು ತುದಿಯನ್ನು ಮಷೀನಿಗೆ ಬಿಗಿದಳು. ಕಾಲು ಅಲ್ಲೇ ಇತ್ತು. ಹತ್ತಿಯಣ್ಣ ಮೇಲಿನಿಂದ ಅವಳ ಗಂಟಿನ ಅಂದ ನೋಡಿ ಮೆಚ್ಚಿಕೊಂಡ.

ಶನಿವಾರ ಹೆಡ್‌ಮಿಸ್ ಬಂದರು. ಹಾಸಿಗೆಯ ಮೇಲೆ ಗೀಟಿರಲಿಲ್ಲ. ಸುಳ್ಳು ಗೀಟು ಎಳೆದುಬಿಡೋಣವೆಂದು ಬೆಳಗಿನಿಂದ ಮೂರು ಸಲ ಸೀಮೆಸುಣ್ಣ ಹಿಡಿದಿದ್ದ. ಮೂರು ಸಲವೂ ಕೈ ಏಳಲಿಲ್ಲ.

"ಮೇಡಂ, ನಾನು ಇದರ ಮೇಲೆ ಮಲಗಿದ್ದೆ. ಆದ್ರೆ ಇರಲಿಲ್ಲ," ಎಂದು ನಡೆದದ್ದನ್ನೆಲ್ಲ ಒಪ್ಪಿಸಿದ. "ಬೇರೆ ಹೊಲಿದು ಕೊಡ್ತೀನಿ."

"ಅದಕ್ಕೇನಂತೆ? ನನ್ನ ಕ್ಲಾಸಿನಲ್ಲಿ ನಲವತ್ತು ಮಕ್ಕಳು ಹಾಗೇ ಕೂತಿರ್ತಿದ್ರು. ಹಾಜರಿ ಹಾಕ್ತಿದ್ದೆ."

ಆಕೆ ಚಪ್ಪಲಿ ಬಿಟ್ಟು, ಕನ್ನಡಕವನ್ನು ಹೆಂಡತಿಯ ಕೈಗೆ ಕೊಟ್ಟು, ಐದೇ ನಿಮಿಷ ನೋಡ್ತೀನಿ ಎಂದು ಮಲಗಿದರು. "ಅಂಗಾತ ಬೇಡ ಮೇಡಂ" ಎನ್ನುವಷ್ಟರಲ್ಲಿ ಕಣ್ಣು ಮುಚ್ಚಿತ್ತು.

ಐದು ನಿಮಿಷ ಐವತ್ತಾಯಿತು. ಹೆಂಡತಿ ಮಷೀನು ನಿಲ್ಲಿಸಿದಳು. ದಿಂಬು ಕೇಳಲು ಬಂದವರನ್ನು ಹತ್ತಿಯಣ್ಣ ತುಟಿಗೆ ಬೆರಳಿಟ್ಟು ಸಾಗಹಾಕಿದ. ಆಗಾಗ ಕತ್ತೆತ್ತಿ ಫ್ಯಾನಿನ ಕಡೆ ನೋಡಿದ; ಒಂದು ವೇಳೆ ಮೇಡಂ ಅಲ್ಲಿದ್ದರೆ ಮರ್ಯಾದೆಗಿರಲಿ ಎಂದು, ಕೂತಿದ್ದ ಸ್ಟೂಲಿನಿಂದ ಎದ್ದೂ ನಿಂತ.

ಬೀದಿ ದೀಪ ಹತ್ತುವಾಗ ಆಕೆ ಕಣ್ಣು ಬಿಟ್ಟರು.

"ಎಲ್ಲಿಗಾದ್ರೂ ಹೋಗಿದ್ರಾ ಮೇಡಂ?"

"ಇಷ್ಟು ಒಳ್ಳೆ ನಿದ್ದೆ ಬಿಟ್ಟು ಎಲ್ಲಿಗಪ್ಪಾ ಹೋಗಲಿ? ಗಂಟೆ ಎಷ್ಟು?"

"ಆರೂವರೆ."

"ಬೆಳಿಗ್ಗೆನಾ, ಸಂಜೆನಾ?"

"ಸಂಜೆ."

"ಹಾಗಾದ್ರೆ ಇನ್ನೂ ಹೊತ್ತಿದೆ," ಎಂದು ಆಕೆ ಮಗ್ಗುಲು ಬದಲಿಸಿದರು.

ಹತ್ತಿಯಣ್ಣ ಮಂಡಿಯೂರಿ, ಆಕೆಯ ಕಾಲಿಗೆ ತಾಗದಂತೆ ಮೂಲೆಯಲ್ಲಿ ಗೀಟೆಳೆದ. ಹೆಂಡತಿ, ಇವತ್ತು ಊಟ ಇಲ್ಲಿಗೇ ತರಬೇಕೇನೋ ಎಂದು ಪಿಸುಗುಟ್ಟಿ ಮನೆಯ ಕಡೆ ಹೊರಟಳು.