ಎಂಟು ಕಾರು ನಿಲ್ಲುವಷ್ಟು ನೆಲ

ನಮ್ಮ ಕಾಲೇಜಿನಲ್ಲಿ ನನಗೆ ‘ಚಿಂದಿ ಮೇಡಂ’ ಎಂದು ಹೆಸರಿಟ್ಟವರು ಯಾರೆಂದು ನನಗೆ ಚೆನ್ನಾಗಿ ಗೊತ್ತು. ಇಡಲಿ ಬಿಡಿ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಿಂದ ಹತ್ತಿ ಬಟ್ಟೆಯ ಕತ್ತರಿ ಚೂರುಗಳನ್ನು ಮೂಟೆ ಕಟ್ಟಿಸಿ ಆಟೋದಲ್ಲಿ ತರುವ ಸಸ್ಯಶಾಸ್ತ್ರದ ಅಧ್ಯಾಪಕಿಗೆ ಇನ್ನೇನು ಹೆಸರಿಡುತ್ತಾರೆ? ಆ ಚೂರುಗಳನ್ನು ಸೊಪ್ಪಿನ ಪಾತಿಯ ಮೇಲೆ ಹೊದಿಸಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ ಎಂಬುದು ನನ್ನ ವಾದ. ಕುಂಡಗಳಲ್ಲಿ ಮಾಡಿ ನೋಡಿದ್ದೆ. ಇನ್ನು ನೆಲದ ಮೇಲೆ ಮಾಡಬೇಕಿತ್ತು.

ನೆಲವೇನೋ ಇತ್ತು. ಲ್ಯಾಬಿನ ಹಿಂದೆ, ಎಂಟು ಕಾರು ನಿಲ್ಲುವಷ್ಟು. ಹಾಗೆ ಅಳೆದವರು ಪ್ರಿನ್ಸಿಪಾಲರು. ಅವರಿಗೆ ಅಲ್ಲಿ ಪಾರ್ಕಿಂಗ್ ಬೇಕಿತ್ತು. ಹೊಸೂರು ರಸ್ತೆಯಲ್ಲಿ ಕಾರು ನಿಲ್ಲಿಸಲು ಪಡುವ ಪಾಡು ನೋಡಿದರೆ ಅವರದ್ದೂ ತಪ್ಪಲ್ಲ. ನಾನು ಬೆನ್ನು ಬಿಡದೆ ಕಾಡಿದ ಮೇಲೆ ಒಂದು ಮಾತು ಕೊಟ್ಟರು: “ಸುಸ್ಥಿರ ಕೃಷಿ ಅಂತ ಒಂದು ವರ್ಕ್‌ಶಾಪ್ ಮಾಡಿ ಮೇಡಂ. ಹೊರಗಿನ ಎಕ್ಸ್‌ಪರ್ಟ್ ಬಂದು ನಿಮ್ಮ ಐಡಿಯಾ ಸರಿ ಅಂದ್ರೆ ಜಾಗ ನಿಮ್ದು. ಇಲ್ಲಾಂದ್ರೆ ಅದರ ಮುಂದಿನ ಸೋಮವಾರವೇ ಪಾರ್ಕಿಂಗ್ ಕೆಲಸ ಶುರು.”

ಕೃಷಿ ವಿಜ್ಞಾನದ ನಿವೃತ್ತ ಪ್ರೊಫೆಸರ್ ಒಬ್ಬರನ್ನು ಒಪ್ಪಿಸಿದೆ. ಕಣ್ಣಾರೆ ಕಾಣದ್ದನ್ನು ನಂಬದ ಮನುಷ್ಯ ಎಂದೇ ಅವರಿಗೆ ಹೆಸರು. ನನಗೂ ಅಂಥವರೇ ಬೇಕಿತ್ತು. ಅವರಿಗೆ ತೋರಿಸಲು ಎರಡು ಟ್ರೇಗಳಲ್ಲಿ ದಂಟಿನ ಸೊಪ್ಪು ಬೆಳೆಸಿ, ಒಂದಕ್ಕೆ ಮಾತ್ರ ಚಿಂದಿ ಹೊದಿಸಿ, ಕೆಲವು ದಿನ ಎರಡಕ್ಕೂ ನೀರು ಕೊಡದೆ ಇಟ್ಟೆ. ಚಿಂದಿ ಹೊದ್ದದ್ದು ನಗುನಗುತ್ತಾ ಇತ್ತು, ಬರಿಯದ್ದು ಕತ್ತು ಬಗ್ಗಿಸಿತ್ತು. ಶುಕ್ರವಾರ ಸಂಜೆ ಅದನ್ನು ನೋಡಿ, ಗೆದ್ದೆ ಎಂದುಕೊಂಡೇ ಬಸ್ಸು ಹತ್ತಿದೆ.

ಶನಿವಾರ, ವರ್ಕ್‌ಶಾಪಿನ ದಿನ, ಬೆಳಿಗ್ಗೆ ಬಂದರೆ ಎರಡೂ ಟ್ರೇ ತೊಯ್ದು ತೊಪ್ಪೆಯಾಗಿವೆ. ಎರಡರಲ್ಲೂ ಗಿಡಗಳು ಒಂದೇ ಸಮ ನೆಟ್ಟಗೆ ನಿಂತಿವೆ. ಚಿಂದಿಯ ಸುಳಿವೇ ಇಲ್ಲ. ಪಕ್ಕದಲ್ಲಿ ಹೌಸ್‌ಕೀಪಿಂಗ್ ಅಕ್ಕ ಪೊರಕೆ ಹಿಡಿದು ಹೆಮ್ಮೆಯಿಂದ ನಿಂತಿದ್ದಳು.

“ನೆಂಟ್ರು ಬರೋ ದಿನ ಗಿಡ ಇಂಗೆ ಒಣಗ್ಸಿ, ಮೇಲೆ ಚಿಂದಿ ಆಕಿ ಇಕ್ತಾರಾ ಮೇಡಂ? ನಿನ್ನೆ ಸಾಯಂಕಾಲಾನೇ ಎಲ್ಲಾ ತೆಗ್ದು ಬಿಸಾಕಿ, ನೀರು ಆಕಿವ್ನಿ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೂಗಾಡಿದೆ. ಅವಳು ಹೆದರಲಿಲ್ಲ. “ನೀರು ಆಕ್ಬ್ಯಾಡ ಅಂತ ನೀವು ಏಳ್ಬೇಕಿತ್ತಲ್ವಾ?” ಎಂದಳು. ನಿಜ, ಹೇಳಿರಲಿಲ್ಲ. ಒಂದು ಚೀಟಿಯನ್ನೂ ಅಂಟಿಸಿರಲಿಲ್ಲ. ಲೇಬಲ್ ಹಚ್ಚಿಲ್ಲವೆಂದು ಇಷ್ಟು ವರ್ಷ ಮಕ್ಕಳನ್ನು ಬೈದ ಬಾಯಿ ನನ್ನದು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ನಾಚಿಕೆಯೂ ಆಯಿತು.

ಉದ್ಘಾಟನೆಯ ದೀಪ ಹಚ್ಚಿದ ಕೂಡಲೇ ಎದ್ದು ನಿಂತು, ನಡೆದದ್ದನ್ನು ನಡೆದ ಹಾಗೆ ಎಲ್ಲರೆದುರು ಹೇಳಿಬಿಟ್ಟೆ. ಹಿಂದಿನ ಸಾಲಿನವರು ಕಿಸಕ್ಕೆಂದರು. ಪ್ರೊಫೆಸರ್ ಮಾತ್ರ ನಗಲಿಲ್ಲ.

“ಎರಡೂ ಒಂದೇ ಸಮ ನೆಂದಿವೆ ತಾನೆ? ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ಈಗ ಒಂದಕ್ಕೆ ಬಟ್ಟೆ ಹೊದಿಸಿ. ಎರಡನ್ನೂ ತೂಕ ಸಮ ಮಾಡಿ ಬಿಸಿಲಿಗಿಡಿ. ಯಾವುದು ಬೇಗ ಹಗುರ ಆಗುತ್ತೋ ಅದು ನೀರು ಕಳ್ಕೊಂಡಿದೆ ಅಂತ ಅರ್ಥ.”

ಅಷ್ಟು ದೊಡ್ಡ ತಕ್ಕಡಿ ಲ್ಯಾಬಿನಲ್ಲಿ ಇರಲಿಲ್ಲ. ಗೇಟಿನೆದುರಿನ ಗುಜರಿ ಅಂಗಡಿಯವನು ತನ್ನ ಸರಪಳಿ ತಕ್ಕಡಿಯನ್ನು ಹೆಗಲ ಮೇಲೆ ಹೊತ್ತು ತಂದು, ಟೆರೇಸಿನ ಕಬ್ಬಿಣದ ಕಂಬಿಗೆ ತಾನೇ ನೇತುಹಾಕಿದ. ಒಂದು ಬದಿಗೆ ಬರಿಯ ಟ್ರೇ, ಇನ್ನೊಂದು ಬದಿಗೆ ಹೊಸ ಚಿಂದಿ ಹೊದ್ದ ಟ್ರೇ. ಹಗುರವಿದ್ದ ಟ್ರೇಗೆ ಎರಡು ಜಲ್ಲಿಕಲ್ಲು ಹಾಕಿ ಸಮ ಮಾಡಿದೆವು. ಅಕ್ಕ ಕಾವಲಿಗೆ ಕುಳಿತಳು, ಈ ಸಲ ಯಾರೂ ಮುಟ್ಟಬಾರದೆಂದು.

ಮೊದಲ ಭಾಷಣ ಮುಗಿಯಿತು, ತಕ್ಕಡಿ ಅಲುಗಲಿಲ್ಲ. ಊಟಕ್ಕೆ ಮುಂಚೆ ಹೋಗಿ ನೋಡಿದೆ, ಹಾಗೇ ಇತ್ತು. ಬಿಸಿಬೇಳೆಬಾತ್ ಹಾಕಿಸಿಕೊಂಡು ಬಂದು ಕೂತೆ. ನನಗೆ ಹೆಸರಿಟ್ಟ ಸಹೋದ್ಯೋಗಿ ಹಪ್ಪಳ ಮುರಿಯುತ್ತಾ, “ನನ್ ಕಾರಿಗೆ ನೆರಳಿರೋ ಕಡೆ ಜಾಗ ಕೊಡಿಸ್ತೀರಾ ಮೇಡಂ?” ಎಂದ. ಅಳು ಬರುವಷ್ಟು ಭಯವಾಗಿತ್ತು.

ಮಾರ್ಚ್ ಬಿಸಿಲು ಮಾತ್ರ ತನ್ನ ಕೆಲಸ ಬಿಡಲಿಲ್ಲ. ಕೊನೆಯ ಗೋಷ್ಠಿಯ ನಡುವೆ ಟೆರೇಸಿನಿಂದ ಅಕ್ಕನ ಕೂಗು ಕೇಳಿತು: “ಮೇಡಂ, ವಾಲ್ತು! ಚಿಂದಿ ಕಡೀಕೇ ವಾಲ್ತು!” ಭಾಷಣಕಾರರನ್ನು ಬಿಟ್ಟು ಎಲ್ಲರೂ ಮೆಟ್ಟಿಲಿಗೆ ಓಡಿದರು, ಹಿಂದೆಯೇ ಭಾಷಣಕಾರರೂ. ಬರಿಯ ಟ್ರೇ ಒಂದು ಗೇಣು ಮೇಲೆದ್ದಿತ್ತು.

ಪ್ರೊಫೆಸರ್ ಹುಬ್ಬು ಗಂಟಿಕ್ಕಿದರು. “ಗುಜರಿ ತಕ್ಕಡಿ ನಂಬೋಕಾಗುತ್ತೇನ್ರೀ? ಟ್ರೇ ಅದಲುಬದಲು ಮಾಡಿ.”

“ನನ್ ತಕ್ಕಡಿ ಅಂಥದ್ದಲ್ಲ ಸಾರ್,” ಎಂದು ಗೊಣಗುತ್ತಲೇ ಅಂಗಡಿಯವನು ಬದಲಿಸಿದ. ತಕ್ಕಡಿ ಎರಡು ಸಲ ತೂಗಾಡಿ, ಮತ್ತೆ ಚಿಂದಿಯ ಕಡೆಗೇ ಇಳಿಯಿತು.

ಪ್ರೊಫೆಸರ್ ಪ್ರಿನ್ಸಿಪಾಲರ ಕಡೆ ತಿರುಗಿದರು. “ಸರಿ ಇದೆ. ನೆಲದಲ್ಲೂ ಮಾಡ್ಲಿ.” ಅಷ್ಟೇ. ನಾನು ಅಕ್ಕನನ್ನು ಬಾಚಿ ತಬ್ಬಿಕೊಂಡೆ. ಪಿಎಚ್‌ಡಿ ಬಂದ ದಿನವೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ, ಕೆಲಸ ರದ್ದಾದ ಸುದ್ದಿ ತಲುಪದೆ, ಪಾರ್ಕಿಂಗ್ ಗುರುತು ಹಾಕುವವನು ಸುಣ್ಣದ ಪುಡಿಯ ಚೀಲ ಹಿಡಿದು ಲ್ಯಾಬಿನ ಹಿಂದೆ ಬಂದು ನಿಂತಿದ್ದ. ವಿಷಯ ಕೇಳಿ ಹೊರಟವನನ್ನು ತಡೆದೆ. “ಬಂದಿದ್ದೀರಲ್ಲ ಅಣ್ಣ, ಗೆರೆ ಎಳ್ದೇ ಹೋಗಿ,” ಎಂದು ಹಗ್ಗದ ತುದಿ ಹಿಡಿದೆ. ಎಂಟು ಕಾರಿನ ಜಾಗದಲ್ಲಿ ಅವನು ಹದಿನಾರು ಪಾತಿಗೆ ಗೆರೆ ಎಳೆದುಕೊಟ್ಟ.