ತಲೆಯ ಮೇಲಿನ ಕೈ

ನಾಹಿದ್ ಮಾನ್ವಿಯ ಅಮೀರ್ ಸಾಬರ ಮನೆಗೆ ಮೊದಲ ಸಲ ಬಂದಾಗ ಹಾಜಿರಾ ಬೀ ಒಲೆಯ ಮುಂದೆ ಕೂತು ಬದನೆಕಾಯಿ ಸುಡುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ತಿರುಗಿ ನೋಡಿದರೆ, ರಾಯಚೂರು ಬಸ್ಸಿನ ಧೂಳನ್ನೆಲ್ಲ ಬುರ್ಖಾದ ಮೇಲೆ ಹೊತ್ತುಕೊಂಡು ಬಂದ ಒಬ್ಬ ಸಣಕಲು ಹುಡುಗಿ, ಕೈಯಲ್ಲಿ ತಗಡಿನ ಪೆಟ್ಟಿಗೆ.

"ಯಾರು ಬೇಕಾಗಿತ್ತವ್ವಾ?"

"ಮನಿಯಾಗ ಇದ್ದು ಮಗಳಿಗೆ ಪಾಠ ಹೇಳಬೇಕು ಅಂದಿದ್ರು ಸಾಬರು."

"ನಿನ್ನ ನೋಡಿದ್ರ ನಿನಗಾ ಯಾರರ ಪಾಠ ಹೇಳಬೇಕು ಅನಸತದ. ಒಳಗ ಬಾ, ಮೊದಲು ನೀರು ಕುಡಿ."

ಅಮೀರ್ ಸಾಬರದು ಕಬ್ಬಿಣದ ಸಾಮಾನಿನ ಅಂಗಡಿ. ಹೆಂಡತಿ ತೀರಿಕೊಂಡಮೇಲೆ ಅಡಿಗೆ, ಮನೆ ಎಲ್ಲ ಹಾಜಿರಾ ಬೀಯ ಕೈಯಲ್ಲೇ. ಮಗಳು ಗುಲ್ಫಶಾ ಶಾಲೆ ಎಂದರೆ ಹೊಟ್ಟೆನೋವು ಎಂದು ಮಂಚದ ಕೆಳಗೆ ಹೋಗುವವಳು. ನಾಹಿದ್‌ಗೋ ತಂದೆತಾಯಿ ಇಲ್ಲ. ರಾಯಚೂರಿನಲ್ಲಿ ಮಾವನ ಮನೆಯಲ್ಲಿ ಬೆಳೆದವಳು. ಹಾಕಿದ ಅನ್ನವನ್ನು ಹಾಕಿದಷ್ಟು ಸಲವೂ ನೆನಪಿಸುವ ಮನೆ ಅದು. ಅಲ್ಲಿ ಅವಳು ಕಲಿತಿದ್ದು ಒಂದೇ, ಬಾಯಿ ಮುಚ್ಚಿಕೊಂಡಿರುವುದು.

ಆ ದಿನ ಸಂಜೆ ಊಟಕ್ಕೆ ನೆಲದ ಮೇಲೆ ದಸ್ತರ್‌ಖಾನ್ ಹಾಸಿದರು. ತಾನು ಅಲ್ಲಿ ಕೂಡಬೇಕೋ ಅಡಿಗೆ ಮನೆಯಲ್ಲೋ ತಿಳಿಯದೆ ನಾಹಿದ್ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಳು. ಯಾರೂ ಕರೆಯಲಿಲ್ಲ. ಕೊನೆಗೆ ಹಾಜಿರಾ ಬೀ ಅಡಿಗೆ ಮನೆಯಲ್ಲಿ ತನ್ನ ಪಕ್ಕಕ್ಕೇ ಎಳೆದು ಕೂರಿಸಿಕೊಂಡಳು. "ಪಾಪ, ಆಕಿಗೆ ಅಡಿಗಿ ಮನಿನಾ ಸೇರತದ," ಎಂದರು ಸಾಬರು. ನಾಹಿದ್ ಅಲ್ಲ ಎನ್ನಲಿಲ್ಲ. ಅಲ್ಲಿಗೆ ಅದು ಮನೆಯ ರೂಢಿ ಆಗಿಹೋಯಿತು.

ಗುಲ್ಫಶಾ ಮಂಚದ ಕೆಳಗಿನಿಂದ ಹೊರಗೆ ಬಂದಳು. ಹೇಗೆ ಬಂದಳು ಎಂದರೆ, ನಾಹಿದ್ ತಾನೇ ಪುಸ್ತಕ ಹಿಡಿದು ಮಂಚದ ಕೆಳಗೆ ತೂರಿ ಓದಿಸಲು ಕೂತಳು. ಇಬ್ಬರಿಗೂ ಜಾಗ ಸಾಲದೆ ಹುಡುಗಿಯೇ ಹೊರಗೆ ಬಂದಿತು! ಆಮೇಲೆ "ಬಾಜಿ, ಬಾಜಿ" ಎಂದು ಸ್ವಂತ ಅಕ್ಕನನ್ನು ಕರೆದಂತೆ ಕರೆಯುತ್ತ ಅವಳ ಸೆರಗು ಬಿಡಲಿಲ್ಲ.

ಹೀಗೆ ಎರಡು ವರ್ಷ ಕಳೆದ ಮೇಲೆ ಅಮೀರ್ ಸಾಬರಿಗೆ ಒಂದು ಒಳ್ಳೆಯ ಕೆಲಸ ಮಾಡುವ ಮನಸ್ಸಾಯಿತು. ಅವರ ಹೆಂಡತಿಯ ತಮ್ಮ ಕುತುಬುದ್ದೀನ್, ದೇವದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಹೆಂಡತಿ ಸತ್ತಿದ್ದಳು, ಎರಡು ಮಕ್ಕಳಿದ್ದವು. ತಬ್ಬಲಿ, ಯತೀಮ್ ಹುಡುಗಿಗೆ ಮನೆಯಾಗುತ್ತದೆ, ಮಕ್ಕಳಿಗೆ ತಾಯಿ ಸಿಗುತ್ತಾಳೆ. ಸಾಬರು ಕುತುಬುದ್ದೀನನನ್ನು ಕೇಳಿದರು, ನಾಹಿದ್‌ಳ ಮಾವನನ್ನು ಕೇಳಿದರು. ಆಮೇಲೆ ನಾಹಿದ್‌ಗೆ ತಾರೀಖು ತಿಳಿಸಿದರು. ಅವಳು ಸುಮ್ಮನಿದ್ದಳು. "ನಾಚಿಕಿ," ಎಂದು ನಕ್ಕರು.

ನಿಕಾಹಿನ ದಿನ ಬೆಳಿಗ್ಗೆ ಹಾಜಿರಾ ಬೀ ಮೆಹಂದಿ ಹಚ್ಚಲು ಕೂತರೆ ಹುಡುಗಿ ಮುಷ್ಟಿ ಬಿಡಿಸಲಿಲ್ಲ.

"ಕೈ ಬಿಡಸವ್ವಾ, ಒಣಗಾಕತ್ತದ."

ಮುಷ್ಟಿ ಬಿಚ್ಚಲಿಲ್ಲ. ಒಂದು ಹನಿ ಬಂದು ಅದರ ಮೇಲೆ ಬಿತ್ತು.

"ನಿನಗ ಮನಸಿಲ್ಲೇನು?"

ಇಲ್ಲ ಎಂದು ತಲೆ ಅಲ್ಲಾಡಿಸಿದಳು.

"ಮತ್ತ ಸಾಬರಿಗೆ ಹೇಳಬೇಕಿಲ್ಲೇನ ಹುಚ್ಚಿ?"

"ಅವರ ಅನ್ನ ಉಂಡೀನಿ, ಖಾಲಾ. ಹೆಂಗ ಹೇಳ್ಲಿ? ಅವರೂ ಏನ್ ಕೇಳಲಿಲ್ಲ."

ಹಾಜಿರಾ ಬೀ ಬಟ್ಟಲು ಕೆಳಗಿಟ್ಟಳು. ಅನ್ನ ಉಂಡವಳು ಅವಳೂ. ಹೊರಗೆ ಆಗಲೇ ಬಿರಿಯಾನಿಯ ಡೇಗಿನ ಕೆಳಗೆ ಕಟ್ಟಿಗೆ ಉರಿಯುತ್ತಿತ್ತು. "ಅವರು ಕೇಳದಿದ್ರ ಏನಾತು, ವಕೀಲರು ಕೇಳಾ ಕೇಳತಾರ. ಆಗ ಹೇಳು," ಎಂದಳು.

ವಕೀಲ ಎಂದರೆ ಕೋರ್ಟಿನವನಲ್ಲ. ಇಬ್ಬರು ಸಾಕ್ಷಿಗಳೊಂದಿಗೆ ಹುಡುಗಿಯ ಹತ್ತಿರ ಬಂದು, ಈ ನಿಕಾಹ್ ಒಪ್ಪಿಗೆಯೋ ಎಂದು ಕೇಳುವ ಹಿರಿಯ. ಓಢಣಿಯೊಳಗೆ ಬಗ್ಗಿ ಕೂತ ಹುಡುಗಿ ನಾಚಿಕೆಗೆ ಬಾಯಿ ಬಿಡುವುದಿಲ್ಲ. ಹಿಂದೆ ಕೂತ ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಬಗ್ಗಿಸುತ್ತಾಳೆ. "ಹೂಂ ಅಂದ್ಲು, ಹೂಂ ಅಂದ್ಲು!" ಎಂದು ಹೆಂಗಸರು ಕೂಗಿದರೆ ಮುಗಿಯಿತು. ಆ ಓಣಿಯಲ್ಲಿ ಹಾಗೆ ಹಿಂದೆ ಕೂಡುವ ಮುದುಕಿ ಎಂದರೆ ಹಾಜಿರಾ ಬೀಯೇ.

ರಾಯಚೂರಿನಿಂದ ವಕೀಲರಾಗಿ ಬಂದಿದ್ದ ಸಲಾವುದ್ದೀನ್ ಸಾಹೇಬರು ಕೇಳಿದರು, "ದೇವದುರ್ಗದ ಕುತುಬುದ್ದೀನರ ಕೂಡ ನಿನ್ನ ನಿಕಾಹ್ ಕಬೂಲ್ ಅದ ಏನವ್ವಾ?"

ಹುಡುಗಿ ಮಾತಾಡಲಿಲ್ಲ. ಹಾಜಿರಾ ಬೀ ಎರಡೂ ಕೈ ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಖಾಲಾ, ಕೈ ಇಡ್ರಿ," ಎಂದಳು ದೇವದುರ್ಗದವಳೊಬ್ಬಳು. "ನಿದ್ದಿ ಹತ್ತೇದೇನು ಮುದುಕಿಗೆ?"

"ಎಚ್ಚರ ಅದೀನಿ," ಎಂದಳು ಹಾಜಿರಾ ಬೀ. "ಸಾಹೇಬ್ರಾ, ಆಕಿಗೆ ಬಾಯಿ ಅದ. ಆಕಿನ್ನಾ ಕೇಳ್ರಿ."

ಆ ದೇವದುರ್ಗದವಳು ತಾನೇ ಕೈ ಚಾಚಿದಳು. ಸಲಾವುದ್ದೀನ್ ಸಾಹೇಬರು ಬೆರಳೆತ್ತಿ ತಡೆದರು. "ಖಾಲಾ ಹೇಳೋದು ಖರೇ ಅದ. ಆಕಿ ಮಾತಿಲ್ಲದ ನಿಕಾಹ್ ಆಗಂಗಿಲ್ಲ." ಮತ್ತೆ ಕೇಳಿದರು.

ಓಢಣಿಯೊಳಗಿಂದ ದನಿ ಬಂತು. ಸಣ್ಣ ದನಿ, ಆದರೆ ಬಾಗಿಲವರೆಗೂ ಕೇಳಿಸಿತು. "ಇಲ್ರಿ."

ಸಾಹೇಬರು ಹೊರಗೆ ಹೋಗಿ ಹೇಳಿದರು. ಅಮೀರ್ ಸಾಬರು ಓಡುತ್ತ ಬಂದರು, ಮುಖ ಕೆಂಪಗೆ. "ನಾ ಆಕಿ ಛಲೋದಕ್ಕಾ..." ಎಂದು ಬಾಗಿಲಿನ ಕಡೆ ತಿರುಗಿದರು. ಬಾಗಿಲಾಚೆ ಕುತುಬುದ್ದೀನ್ ಟೋಪಿ ಸರಿ ಮಾಡಿಕೊಳ್ಳುತ್ತಿದ್ದ. "ಬಿಡ್ರಿ ಭಾವಾ. ಆಮ್ಯಾಲ ನಮ್ಮ ಮನಿಯಾಗ ಅಳೋದಕ್ಕಿಂತ ಇಲ್ಲೇ ಅಂದಿದ್ದು ಛಲೋ ಆತು," ಎಂದ.

"ಆದ್ರ ಬಿರಿಯಾನಿ ಏನ್ ಮಾಡೋದು?" ಎಂದರು ಸಾಬರು.

"ತಿನ್ನೋದು," ಎಂದಳು ಹಾಜಿರಾ ಬೀ.

ಮೊದಲು ನಕ್ಕವನು ಕುತುಬುದ್ದೀನನೇ. ದಸ್ತರ್‌ಖಾನ್ ಹಾಸಿದಾಗ ಅಮೀರ್ ಸಾಬರು ಒಳಗೆ ಬಂದು ಕೇಳಿದರು. "ಎಲ್ಲಿ ಕುಂದರ್ತಿ ನಾಹಿದ್?" ಆ ಮನೆಯಲ್ಲಿ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಗುಲ್ಫಶಾನ ಹತ್ತರ," ಎಂದಳು ಅವಳು.

ಈಗ ಅವಳು ಗಿಲ್ಲೆಸುಗೂರಿನ ಶಾಲೆಯಲ್ಲಿ ಟೀಚರ್. ಬಸ್ಸಿನಲ್ಲಿ ಸೀಟು ಬೇಕಾದರೆ ಬಾಯಿಬಿಟ್ಟು ಕೇಳಿ ಕೂಡುತ್ತಾಳಂತೆ. ಹೋದ ಶುಕ್ರವಾರ ಪೇಢೆ ಹಿಡಿದು ಮಾನ್ವಿಗೆ ಬಂದಳು, ಕೆನ್ನೆ ತುಂಬಿತ್ತು. ಅದೇ ಶಾಲೆಯ ಮುದಸ್ಸಿರ್ ಎಂಬ ಮಾಸ್ತರ ಜೊತೆ ರಾಯಚೂರಿನಲ್ಲಿ ನಿಕಾಹ್ ನಿಶ್ಚಯವಾಗಿತ್ತು. ತಾನೇ ಒಪ್ಪಿದ್ದು. ಹಾಜಿರಾ ಬೀ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ಬಸ್ಸಿನ ಹೊತ್ತಾಗಿ ಎದ್ದ ನಾಹಿದ್ ಹೊಸ್ತಿಲಿಂದ ತಿರುಗಿ ಬಂದು, ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಕೇಳಿದಳು:

"ಖಾಲಾ, ಆವತ್ತೂ ನನ್ನ ಹಿಂದ ನೀನಾ ಕುಂದ್ರಬೇಕು. ಕೈ ಮಾತ್ರ ಮಡ್ಲಾಗಾ ಇರ್ಲಿ. ಬರ್ತಿ ಹೌದಿಲ್ಲೋ?"